ಬಿಸಿಲಿಗೆ ಎರಡು ಬಾಗಿಲು

ರಕ್ತಪರೀಕ್ಷೆಯ ವರದಿ ಕೈಗೆ ಬಂದ ದಿನ ನನಗೆ ಖುಷಿಯಾಯಿತು. ವಿಟಮಿನ್ ಡಿ ಎಂಬ ಸಾಲಿನ ಮುಂದೆ 11 ಎಂದಿತ್ತು. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಕಡಿಮೆ’ ಎಂದು ಅಚ್ಚಾಗಿತ್ತು. ಕೊರತೆ ಇದೆ ಅಂತ ತಿಳಿದು ಯಾರಾದರೂ ಖುಷಿಪಡುತ್ತಾರಾ? ನಾನು ಪಟ್ಟೆ. ಅಷ್ಟು ತಿಂಗಳಲ್ಲಿ ಮೊದಲ ಸಲ ನನ್ನ ಕಷ್ಟಕ್ಕೆ ಒಂದು ಅಂಕಿ ಸಿಕ್ಕಿತ್ತು. ಅಂಕಿ ಇದ್ದರೆ ಜನ ನಂಬುತ್ತಾರೆ. ಅಂಕಿ ಇದ್ದರೆ ಅದಕ್ಕೊಂದು ಮಾತ್ರೆ ಇರುತ್ತದೆ. ಮಾತ್ರೆ ನುಂಗಿದರೆ ಇದೆಲ್ಲ ಮುಗಿಯುತ್ತದೆ ಅಂದುಕೊಂಡೆ.

ಎಲ್ಲ ಶುರುವಾಗಿದ್ದು ಅದಕ್ಕೂ ಎಂಟು ತಿಂಗಳ ಹಿಂದೆ, ಕಣ್ಣಿನಿಂದ. ಬೆಳಿಗ್ಗೆ ಎದ್ದು ರೆಪ್ಪೆ ತೆರೆದರೆ ಒಳಗೆ ಮರಳು ಬಿದ್ದ ಹಾಗೆ. ಮಧ್ಯಾಹ್ನದ ಹೊತ್ತಿಗೆ ಉರಿ. ಸಂಜೆ ದೀಪಗಳ ಸುತ್ತ ಮಬ್ಬು. ಕಣ್ಣು ಮುಚ್ಚಿಕೊಂಡರೆ ಮಾತ್ರ ಹಾಯೆನಿಸುತ್ತಿತ್ತು. ಹಾಗಾಗಿ ಮುಚ್ಚಿಕೊಂಡೇ ಇರತೊಡಗಿದೆ. ಕಿಟಕಿಯ ಪರದೆ ಎಳೆದು ಮಲಗುವುದು ಕಣ್ಣಿಗೋಸ್ಕರ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬರೀ ಕಣ್ಣಿಗೋಸ್ಕರ ಅಲ್ಲ ಅಂತ ಮೊದಲು ಗೊತ್ತಾಗಿದ್ದು ಅಕ್ಕನಿಗೆ. “ಎಷ್ಟು ದಿನ ಆಯ್ತೇ ನೀನು ಹೊರಗೆ ಕಾಲಿಟ್ಟು?” ಅಂತ ಫೋನಿನಲ್ಲಿ ಕೇಳಿದಳು. ಮನಸ್ಸಿನಲ್ಲೇ ಎಣಿಸಿದೆ. ಉತ್ತರ ಹೇಳಲು ಬಾಯಿ ಬರಲಿಲ್ಲ.

ಅತ್ತರೆ ಕಣ್ಣು ಇನ್ನೂ ಉರಿಯುತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಅಳುವುದು ಕೂಡ ನೋವಾಗುತ್ತದೆ ಅಂದರೆ ಕೇಳಿದವರು ಏನಂದುಕೊಳ್ಳುತ್ತಾರೋ ಅನ್ನಿಸುತ್ತಿತ್ತು.

ಕಣ್ಣಿನ ಡಾಕ್ಟರ್ ಒಂದು ಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ ಐದು ನಿಮಿಷ ಕಣ್ಣು ಮುಚ್ಚಿ ಕೂರಲು ಹೇಳಿದರು. ಅದಕ್ಕೆ ಶರ್ಮರ್ ಪರೀಕ್ಷೆ ಅಂತ ಹೆಸರು. ಐದು ನಿಮಿಷದಲ್ಲಿ ಪಟ್ಟಿ 10 ಮಿಲಿಮೀಟರಿಗಿಂತ ಜಾಸ್ತಿ ಒದ್ದೆಯಾದರೆ ಸಾಮಾನ್ಯವಾಗಿ ಚಿಂತೆ ಇಲ್ಲ. 5ಕ್ಕಿಂತ ಕಡಿಮೆಯಾದರೆ ಕಣ್ಣು ನಿಜಕ್ಕೂ ಒಣಗಿದೆ ಅಂತ. ನನ್ನದು 12 ಬಂತು. “ನೀರು ಚೆನ್ನಾಗೇ ಇದೆಯಲ್ಲಾ, ನೀವು ಹೇಳುವಷ್ಟು ತೊಂದರೆ ಕಾಣಿಸುತ್ತಿಲ್ಲ” ಅಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಆ ಮಾತು ನನ್ನನ್ನು ಮತ್ತಷ್ಟು ದಿನ ಕತ್ತಲಕೋಣೆಯಲ್ಲಿ ಕೂರಿಸಿತು. ಆಮೇಲೆ ಅಕ್ಕನ ಒತ್ತಾಯಕ್ಕೆ ಮನೋವೈದ್ಯರ ಹತ್ತಿರ ಹೋದೆ. ಖಿನ್ನತೆ ಅಂದರು. ಮಾತ್ರೆ ಶುರುವಾಯಿತು. ಸುಸ್ತು ಹೋಗದಿದ್ದಾಗ ಮೂರನೆಯವರು ರಕ್ತಪರೀಕ್ಷೆ ಬರೆದುಕೊಟ್ಟರು. ಆಗ ಬಂದದ್ದು ಆ 11.

ಕಣ್ಣು ಒಬ್ಬರ ಬಳಿ, ಮನಸ್ಸು ಇನ್ನೊಬ್ಬರ ಬಳಿ, ರಕ್ತ ಮತ್ತೊಬ್ಬರ ಬಳಿ. ಈ ಮೂರೂ ಒಂದೇ ಮೈಯಲ್ಲಿದ್ದವು ಅನ್ನುವುದು ಗೊತ್ತಿದ್ದದ್ದು ನನಗೊಬ್ಬಳಿಗೇ. ಅವುಗಳ ನಡುವೆ ನಂಟಿದೆಯಾ ಅಂತ ಹುಡುಕಿ ಓದತೊಡಗಿದೆ. ನಾನು ವೈದ್ಯೆ ಅಲ್ಲ. ಕಣ್ಣು ಉರಿಯುತ್ತಿದ್ದಾಗ ದಿನಕ್ಕೆ ಅರ್ಧ ಗಂಟೆಯಂತೆ ಓದಿ, ನನ್ನ ಡಾಕ್ಟರುಗಳನ್ನು ಕೇಳಿ ತಿಳಿದುಕೊಂಡದ್ದು ಇಷ್ಟು.

ಕಣ್ಣೀರಿನಿಂದಲೇ ಶುರು ಮಾಡುತ್ತೇನೆ. ಕಣ್ಣೀರು ಅಂದರೆ ಬರೀ ಉಪ್ಪುನೀರು ಅಂತ ನಾನೂ ಅಂದುಕೊಂಡಿದ್ದೆ. ಅದರಲ್ಲಿ ಎಣ್ಣೆಯಂಶ, ನೀರು, ಲೋಳೆ ಮೂರೂ ಇವೆ. ರೆಪ್ಪೆಯ ಅಂಚಿನಲ್ಲಿ ಸಾಲಾಗಿ ಕೂತಿರುವ ಮೈಬೋಮಿಯನ್ ಗ್ರಂಥಿಗಳು ಎಣ್ಣೆ ಕೊಡುತ್ತವೆ. ಕಣ್ಣಿನ ಮೇಲೆ ಹೊರಬದಿಯಲ್ಲಿರುವ ಗ್ರಂಥಿ ನೀರು ಕೊಡುತ್ತದೆ. ಕಣ್ಣಿನ ಬಿಳಿ ಭಾಗವನ್ನು ಹೊದ್ದಿರುವ ತೆಳುಪೊರೆಯ ಕೆಲವು ಕೋಶಗಳು ಲೋಳೆ ಕೊಡುತ್ತವೆ. ಲೋಳೆ ನೀರನ್ನು ಕಣ್ಣಿಗೆ ಅಂಟಿಸಿ ಇಡುತ್ತದೆ, ಎಣ್ಣೆ ಅದು ಆರಿಹೋಗದಂತೆ ಕಾಯುತ್ತದೆ. ಪ್ರತಿ ಸಲ ರೆಪ್ಪೆ ಬಡಿದಾಗ ಈ ಪದರ ಹೊಸದಾಗಿ ಹರಡುತ್ತದೆ. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಪರದೆಯ ಮುಂದೆ ಕೂತಾಗ ಅದು ಅರ್ಧಕ್ಕಿಂತಲೂ ಕಡಿಮೆಯಾಗಬಹುದು.

ಎಣ್ಣೆ ಸಾಲದಿದ್ದರೆ ನೀರು ಬೇಗ ಆವಿಯಾಗುತ್ತದೆ. ಉಳಿದ ಕಣ್ಣೀರಿನಲ್ಲಿ ಉಪ್ಪಿನಂಶ ಜಾಸ್ತಿಯಾಗುತ್ತದೆ. ಆ ಉಪ್ಪು ಕಣ್ಣಿನ ಮೇಲ್ಮೈಯ ಕೋಶಗಳನ್ನು ಕೆರಳಿಸುತ್ತದೆ. ಕೆರಳಿದ ಕೋಶಗಳು ಉರಿಯೂತದ, ಅಂದರೆ ಕೆಂಪಾಗಿ ಊದಿಕೊಳ್ಳುವ ಪ್ರತಿಕ್ರಿಯೆಯ, ರಾಸಾಯನಿಕಗಳನ್ನು ಬಿಡುತ್ತವೆ. ಉರಿಯೂತ ಹೋಗಿ ಲೋಳೆ ಕೊಡುವ ಕೋಶಗಳನ್ನೇ ಹಾಳುಮಾಡುತ್ತದೆ. ಲೋಳೆ ಕಡಿಮೆಯಾದರೆ ಪದರ ಇನ್ನೂ ಬೇಗ ಒಡೆಯುತ್ತದೆ. ಮತ್ತೆ ಉಪ್ಪು, ಮತ್ತೆ ಉರಿಯೂತ. ಅಂದರೆ ಕಣ್ಣು ಒಣಗುವುದು ನೀರಿನ ಕೊರತೆಯಷ್ಟೇ ಅಲ್ಲ, ಉರಿಯೂತದ ಕಾಯಿಲೆಯೂ ಹೌದು. 2017ರಲ್ಲಿ ಬೇರೆ ಬೇರೆ ದೇಶಗಳ ತಜ್ಞರು ಸೇರಿ ಈ ಕಾಯಿಲೆಗೆ ಹೊಸ ವ್ಯಾಖ್ಯಾನ ಕೊಟ್ಟಾಗ ಕಣ್ಣೀರಿನ ಪದರದ ಏರುಪೇರು ಮತ್ತು ಉರಿಯೂತದ ಜೊತೆಗೆ ನರಗಳ ತೊಂದರೆಯನ್ನೂ ಸೇರಿಸಿದರು.

ಆ ನರಗಳ ವಿಷಯ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತುಬಿಟ್ಟೆ.

ಕಣ್ಣಿನ ಮುಂಭಾಗದಲ್ಲಿ ಗಾಜಿನಂತೆ ಇರುವ ಪೊರೆಗೆ ಕಾರ್ನಿಯಾ ಅನ್ನುತ್ತಾರೆ. ನಮ್ಮ ಮೈಯಲ್ಲೇ ಅತಿ ದಟ್ಟವಾಗಿ ನರತುದಿಗಳಿರುವ ಜಾಗಗಳಲ್ಲಿ ಅದೂ ಒಂದು. ಚರ್ಮಕ್ಕಿಂತ ನೂರಾರು ಪಟ್ಟು ದಟ್ಟ. ಉರಿಯೂತ ತುಂಬ ದಿನ ಉಳಿದರೆ ಈ ನರಗಳು ಸೂಕ್ಷ್ಮವಾಗಿಬಿಡುತ್ತವೆ. ಆಮೇಲೆ ಒಂದು ಸಣ್ಣ ಗಾಳಿ ಕೂಡ ನೋವಾಗುತ್ತದೆ. ಇನ್ನೊಂದು ತುದಿಯಲ್ಲಿ ಮಿದುಳು ಇದೆ. ನೋವನ್ನು ಎಷ್ಟು ಒಳಗೆ ಬಿಡಬೇಕು, ಎಷ್ಟು ತಡೆಯಬೇಕು ಅಂತ ತೂಗುವುದು ಅದರ ಕೆಲಸ. ಖಿನ್ನತೆಯಲ್ಲಿ ಆ ತಡೆ ಸಡಿಲವಾಗುತ್ತದೆ. ಒಣಗಣ್ಣಿನ ರೋಗಿಗಳಲ್ಲಿ ಪರೀಕ್ಷೆಯ ಫಲಿತಾಂಶಕ್ಕೂ ಅವರು ಅನುಭವಿಸುವ ನೋವಿಗೂ ಬಹಳ ಸಲ ತಾಳೆಯಾಗುವುದಿಲ್ಲ ಅನ್ನುವುದು ಕಣ್ಣಿನ ವೈದ್ಯರಿಗೆ ಹಳೆಯ ವಿಷಯ. ಖಿನ್ನತೆ ಜೊತೆಗಿದ್ದರೆ ಈ ಅಂತರ ಇನ್ನೂ ದೊಡ್ಡದು.

ಹಾಗಾದರೆ ನನ್ನ ನೋವು ಸುಳ್ಳಾಗಿತ್ತಾ? ಅಲ್ಲ. ಕಾಗದದ ಪಟ್ಟಿ ಅಳೆದದ್ದು ನೀರನ್ನು. ನರದ ಸಂಕಟ ಅಳೆಯುವುದು ಆ ಪಟ್ಟಿಯ ಕೆಲಸ ಅಲ್ಲ. ಇದನ್ನು ಆ ದಿನ ಯಾರಾದರೂ ಹೇಳಿದ್ದರೆ ನನಗೆ ಎಷ್ಟು ಸಮಾಧಾನ ಆಗುತ್ತಿತ್ತು! ಕಣ್ಣು ಉರಿಯುತ್ತದೆ, ಆದರೆ ಪರೀಕ್ಷೆಯಲ್ಲಿ ಏನೂ ಕಾಣುತ್ತಿಲ್ಲ ಅಂತ ವಾಪಸ್ ಕಳುಹಿಸಲ್ಪಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವರಿಗಾಗಿಯೇ ಈ ಮಾತು ಬರೆಯುತ್ತಿದ್ದೇನೆ.

ಇನ್ನೊಂದು ಕೊಂಡಿ ಔಷಧಿಯದು. ಖಿನ್ನತೆಗೆ ಕೊಡುವ ಹಳೆಯ ಮಾದರಿಯ ಮಾತ್ರೆಗಳು, ಉದಾಹರಣೆಗೆ ಅಮಿಟ್ರಿಪ್ಟಿಲಿನ್, ಬಾಯಿ ಒಣಗಿಸುವ ಹಾಗೆ ಕಣ್ಣನ್ನೂ ಒಣಗಿಸುತ್ತವೆ. ಹೊಸ ಮಾದರಿಯ ಎಸ್‌ಎಸ್‌ಆರ್‌ಐ ಮಾತ್ರೆ ತೆಗೆದುಕೊಳ್ಳುವವರಲ್ಲೂ ಒಣಗಣ್ಣು ಹೆಚ್ಚು ಕಾಣಿಸುತ್ತದೆ. ಕೆಲವರ ಕಣ್ಣಿನೊಳಗಿನ ದ್ರವ ಹೊರಹೋಗುವ ದಾರಿ ಕಿರಿದಾಗಿರುತ್ತದೆ. ಅಂಥವರಿಗೆ ಇವುಗಳಲ್ಲಿ ಕೆಲವು ಮಾತ್ರೆಗಳಿಂದ ಕಣ್ಣಿನ ಒತ್ತಡ ತಟ್ಟನೆ ಏರುವ ಅಪಾಯವೂ ಇದೆ. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು. ನಾನು ನಿಲ್ಲಿಸಲಿಲ್ಲ. ಆ ಮಾತ್ರೆ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದೆ. ಅದನ್ನು ತೆಗೆದುಕೊಳ್ಳುತ್ತಿದ್ದೇನೆ ಅಂತ ಕಣ್ಣಿನ ಡಾಕ್ಟರಿಗೆ ಹೇಳಿದೆ, ಅಷ್ಟೆ. ಆ ಮಾಹಿತಿಯಿಂದ ಅವರು ಹನಿ ಬದಲಿಸಿದರು. ಎರಡು ನಿಮಿಷದ ಮಾತು ಅದು. ಎಂಟು ತಿಂಗಳು ತಡವಾಗಿತ್ತು.

ಉರಿಯೂತ ಮನಸ್ಸನ್ನು ಹೇಗೆ ಮುಟ್ಟುತ್ತದೆ ಅನ್ನುವುದು ಅರ್ಥವಾಗಲು ಒಂದು ಜ್ವರ ನೆನಪಿಸಿಕೊಂಡರೆ ಸಾಕು. ಜ್ವರ ಬಂದಾಗ ಯಾರೂ ಬೇಡ ಅನ್ನಿಸುತ್ತದೆ, ಅಲ್ವಾ? ಊಟ ಸೇರುವುದಿಲ್ಲ. ಇಷ್ಟದ ಕೆಲಸವೂ ಬೇಡ. ಮೂಲೆಯಲ್ಲಿ ಮುದುರಿ ಮಲಗಿದರೆ ಸಾಕು. ಇದು ಸೋಂಕು ಮಾಡುವ ಕೆಲಸ ಅಲ್ಲ, ನಮ್ಮದೇ ರಕ್ಷಣಾ ವ್ಯವಸ್ಥೆ ಮಿದುಳಿಗೆ ಕಳಿಸುವ ಸೂಚನೆ. ಸೈಟೊಕೈನ್ ಎಂಬ ಸಣ್ಣ ಪ್ರೋಟೀನುಗಳು ಈ ಸೂಚನೆ ಒಯ್ಯುತ್ತವೆ. ಶಕ್ತಿ ಉಳಿಸು, ಗುಣವಾಗುವವರೆಗೆ ಬಿದ್ದುಕೊಂಡಿರು ಅಂತ. ಬೆಂಜಮಿನ್ ಹಾರ್ಟ್ ಎಂಬ ಪಶುವೈದ್ಯ ವಿಜ್ಞಾನಿ 1988ರಲ್ಲಿ ಇದರ ಬಗ್ಗೆ ಬರೆದರು. ಕಾಯಿಲೆಬಿದ್ದ ಪ್ರಾಣಿ ಮಂಕಾಗಿ ಕೂರುವುದು ನಿತ್ರಾಣದಿಂದ ಅಲ್ಲ, ಅದು ಬದುಕುಳಿಯುವ ದಾರಿ ಅನ್ನುವುದು ಅವರ ವಾದ. ಜ್ವರ ಬಿಟ್ಟ ಮೇಲೆ ಸೂಚನೆ ನಿಲ್ಲುತ್ತದೆ. ನಿಲ್ಲದೇ ಹೋದರೆ?

ನಿಲ್ಲದೇ ಹೋದರೆ ಏನಾಗುತ್ತದೆ ಅಂತ ಒಂದು ಚಿಕಿತ್ಸೆಯೇ ತೋರಿಸಿಕೊಟ್ಟಿತು. ಹೆಪಟೈಟಿಸ್ ಸಿ ಕಾಯಿಲೆಗೆ ಹಿಂದೆ ಇಂಟರ್‌ಫೆರಾನ್ ಆಲ್ಫಾ ಚುಚ್ಚುಮದ್ದು ಕೊಡುತ್ತಿದ್ದರು. ಅದೂ ಒಂದು ಸೈಟೊಕೈನ್. ತಿಂಗಳುಗಟ್ಟಲೆ ಕೊಡಬೇಕಿತ್ತು. ಅದುವರೆಗೆ ಖಿನ್ನತೆಯ ಸುಳಿವೇ ಇಲ್ಲದಿದ್ದ ಎಷ್ಟೋ ಜನ ಚಿಕಿತ್ಸೆಯ ನಡುವೆ ಖಿನ್ನತೆಗೆ ಬಿದ್ದರು. ಉರಿಯೂತ ಇದ್ದಾಗ ಮೈ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲವನ್ನು ಬೇರೆ ದಾರಿಗೆ ತಿರುಗಿಸುತ್ತದೆ. ಮನಸ್ಸಿನ ಸ್ಥಿತಿಗೆ ನಂಟಿರುವ ಸೆರೊಟೊನಿನ್ ಎಂಬ ರಾಸಾಯನಿಕ ತಯಾರಾಗುವುದು ಅದೇ ಟ್ರಿಪ್ಟೊಫಾನಿನಿಂದ. ತಿರುಗಿದ ದಾರಿಯಲ್ಲಿ ಹುಟ್ಟುವ ಕೆಲವು ವಸ್ತುಗಳು ನರಕೋಶಗಳಿಗೆ ಒಳ್ಳೆಯದಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಖಿನ್ನತೆ ಅಂದರೆ ಉರಿಯೂತ ಅಂತ ಹೇಳುವುದು ತಪ್ಪು. ರಕ್ತದಲ್ಲಿ ಉರಿಯೂತ ಅಳೆಯಲು ಸಿಆರ್‌ಪಿ ಎಂಬ ಪರೀಕ್ಷೆ ಇದೆ. ಖಿನ್ನತೆ ಇರುವವರಲ್ಲಿ ಸುಮಾರು ಕಾಲು ಭಾಗ ಜನರಿಗೆ ಮಾತ್ರ ಅದು ಲೀಟರಿಗೆ 3 ಮಿಲಿಗ್ರಾಂ ದಾಟಿರುತ್ತದೆ. ಮಿಕ್ಕ ಮುಕ್ಕಾಲು ಭಾಗಕ್ಕೆ ಕಥೆಯೇ ಬೇರೆ. 2013ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗ ನನಗೆ ತುಂಬ ಮುಖ್ಯ ಅನ್ನಿಸಿತು. ಯಾವ ಮಾತ್ರೆಗೂ ಸರಿಯಾಗಿ ಬಗ್ಗದ ಖಿನ್ನತೆ ಇದ್ದ 60 ಜನರಲ್ಲಿ ಅರ್ಧದಷ್ಟು ಮಂದಿಗೆ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಉರಿಯೂತ ತಡೆಯುವ ಔಷಧಿ ಕೊಟ್ಟರು, ಉಳಿದವರಿಗೆ ಬರೀ ಉಪ್ಪುನೀರು. ಒಟ್ಟಾರೆ ನೋಡಿದರೆ ಔಷಧಿಯಿಂದ ಏನೂ ಪ್ರಯೋಜನ ಕಾಣಲಿಲ್ಲ. ಆದರೆ ಮೊದಲೇ ಸಿಆರ್‌ಪಿ ಜಾಸ್ತಿ ಇದ್ದವರನ್ನು ಬೇರೆಯಾಗಿ ನೋಡಿದಾಗ ಅವರು ಸುಧಾರಿಸಿದ ಹಾಗೆ ಕಂಡಿತು. ಕಡಿಮೆ ಇದ್ದವರಲ್ಲಿ ಉಪ್ಪುನೀರು ಪಡೆದವರೇ ಹೆಚ್ಚು ಚೇತರಿಸಿಕೊಂಡಿದ್ದರು.

ನನ್ನ ಸಿಆರ್‌ಪಿ ಒಂದರ ಆಸುಪಾಸಿನಲ್ಲಿತ್ತು. ಅಂದರೆ ಸಹಜ. ಅದು ಜಾಸ್ತಿ ಬರಲಿ ಅಂತ ನಾನು ಆಸೆಪಟ್ಟಿದ್ದೆ. ನನ್ನ ದುಃಖಕ್ಕೆ ರಕ್ತದಲ್ಲಿ ಸಾಕ್ಷಿ ಇರಲಿ ಅಂತ. ಮನಸ್ಸಿನ ಕಾಯಿಲೆ ಬಂದವರು ಹೀಗೆ ಸಾಕ್ಷಿ ಹುಡುಕುತ್ತಾ ಅಲೆಯಬೇಕಾಗಿರುವುದು ನನಗೆ ಈಗಲೂ ನೋವು ಕೊಡುತ್ತದೆ. ಕೈ ಮುರಿದವರಿಗೆ ಹೀಗೆ ಯಾರೂ ಕೇಳುವುದಿಲ್ಲ.

ಈಗ ಆ 11ರ ವಿಷಯ.

ವಿಟಮಿನ್ ಡಿ ಹೆಸರಿಗೆ ವಿಟಮಿನ್. ಮಾಡುವ ಕೆಲಸ ಹಾರ್ಮೋನಿನದು. ಬಿಸಿಲಿನಲ್ಲಿರುವ ಯುವಿಬಿ ಎಂಬ ಅತಿನೇರಳೆ (ಯುವಿ) ಕಿರಣ ಚರ್ಮಕ್ಕೆ ತಾಗಿದಾಗ, ಚರ್ಮದಲ್ಲಿರುವ ಕೊಲೆಸ್ಟರಾಲಿನ ಒಂದು ರೂಪ ವಿಟಮಿನ್ ಡಿ ಆಗಿ ಬದಲಾಗುತ್ತದೆ. ಯಕೃತ್ತು ಅದನ್ನು ಒಂದು ಸಲ ಮಾರ್ಪಡಿಸುತ್ತದೆ. ಪರೀಕ್ಷೆಯಲ್ಲಿ ಅಳೆಯುವುದು ಈ ರೂಪವನ್ನು. ಮೂತ್ರಪಿಂಡ ಇನ್ನೊಂದು ಸಲ ಮಾರ್ಪಡಿಸಿದ ಮೇಲೆ ಅದು ಕೆಲಸಕ್ಕೆ ಇಳಿಯುತ್ತದೆ. ಅದನ್ನು ಗುರುತಿಸುವ ಗ್ರಾಹಕಗಳು ಮೂಳೆ, ಕರುಳಿನಲ್ಲಷ್ಟೇ ಅಲ್ಲ, ರಕ್ಷಣಾ ಕೋಶಗಳಲ್ಲಿವೆ, ಮಿದುಳಿನಲ್ಲಿವೆ, ಕಾರ್ನಿಯಾದಲ್ಲೂ ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪದರವಾದ ರೆಟಿನಾದಲ್ಲೂ ಇವೆ. ರಕ್ಷಣಾ ಕೋಶಗಳ ಆವೇಶವನ್ನು ಅದು ಸ್ವಲ್ಪ ತಣ್ಣಗಾಗಿಸುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ 20 ನ್ಯಾನೊಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಅನ್ನುವುದು ತುಂಬ ಕಾಲ ಚಾಲ್ತಿಯಲ್ಲಿರುವ ಲೆಕ್ಕ.

ಹಾಗಾದರೆ ಸರಪಳಿ ಸರಿಯಾಗೇ ಕೂಡಿತಲ್ಲ! ಡಿ ಕಡಿಮೆ, ಅದಕ್ಕೇ ಉರಿಯೂತ ಜಾಸ್ತಿ, ಅದಕ್ಕೇ ಕಣ್ಣು ಉರಿ, ಅದಕ್ಕೇ ಮನಸ್ಸು ಮಂಕು. ಖಿನ್ನತೆ ಇರುವವರಲ್ಲಿ ಡಿ ಕಡಿಮೆ ಅಂತ ಎಷ್ಟೋ ಅಧ್ಯಯನಗಳು ಹೇಳಿವೆ. ಒಣಗಣ್ಣು ಇರುವವರಲ್ಲೂ ಕಡಿಮೆ ಅಂತ ಹೇಳಿವೆ. ಒಂದು ಹಾಳೆಯ ಮೇಲೆ ನಾನೇ ಬಾಣಗಳನ್ನು ಬರೆದು ಜೋಡಿಸಿದ್ದೆ. ಎಲ್ಲ ಬಾಣಗಳೂ ಆ 11ರಿಂದ ಹೊರಡುತ್ತಿದ್ದವು.

ಬಾಣ ತಿರುಗಿಸಿ ನೋಡಬೇಕು ಅಂತ ನನಗೆ ಹೊಳೆದದ್ದು ಅಕ್ಕನ ಪ್ರಶ್ನೆ ನೆನಪಾದಾಗ. ಎಷ್ಟು ದಿನ ಆಯ್ತು ನೀನು ಹೊರಗೆ ಕಾಲಿಟ್ಟು? ಖಿನ್ನತೆ ಬಂದವರು ಮನೆಯೊಳಗೇ ಉಳಿಯುತ್ತಾರೆ. ಕಣ್ಣು ಉರಿಯುವವರು ಬೆಳಕಿಗೆ ಹೆದರಿ ಪರದೆ ಎಳೆಯುತ್ತಾರೆ. ಬಿಸಿಲು ತಾಗುವುದಿಲ್ಲ. ಡಿ ಇಳಿಯುತ್ತದೆ. ನನ್ನ 11 ಕಾರಣ ಆಗಿರಲಿಕ್ಕಿಲ್ಲ, ಪರಿಣಾಮವೇ ಆಗಿರಬಹುದು. ಉರಿಯೂತ ಕೂಡ ಈ ಅಂಕಿಯನ್ನು ಇಳಿಸುತ್ತದೆ. ಮೊಣಕಾಲಿನ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಗೆ ಬಂದವರ ರಕ್ತವನ್ನು ಮೊದಲು ಮತ್ತು ಆಮೇಲೆ ಪರೀಕ್ಷಿಸಿ ನೋಡಿದ್ದಾರೆ. ಶಸ್ತ್ರಚಿಕಿತ್ಸೆಯಾದ ಕೂಡಲೇ ಸಿಆರ್‌ಪಿ ಏರಿತು, ವಿಟಮಿನ್ ಡಿ ಇಳಿಯಿತು. ಎರಡು ದಿನದಲ್ಲಿ ಅವರಿಗೆ ಬಿಸಿಲಿನ ಬರ ಬಂದಿರಲಿಲ್ಲ. ಅಂದರೆ ಡಿ ಕಡಿಮೆ ಇರುವುದು ಎಷ್ಟೋ ಸಲ ಬೇರೇನೋ ನಡೆಯುತ್ತಿದೆ ಅನ್ನುವುದರ ಗುರುತು.

ಕಾರಣವೋ ಗುರುತೋ ಅಂತ ತಿಳಿಯಲು ಒಂದೇ ದಾರಿ. ಕೆಲವರಿಗೆ ಡಿ ಕೊಡಬೇಕು, ಕೆಲವರಿಗೆ ಅದರಂತೆಯೇ ಕಾಣುವ ಖಾಲಿ ಗುಳಿಗೆ ಕೊಡಬೇಕು, ಯಾರಿಗೆ ಯಾವುದು ಅಂತ ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಗೊತ್ತಿರಬಾರದು. ಅಮೆರಿಕದಲ್ಲಿ ವೈಟಲ್ ಎಂಬ ಹೆಸರಿನಲ್ಲಿ ಇಂಥ ಬಹುದೊಡ್ಡ ಪ್ರಯೋಗ ನಡೆಯಿತು. ಅದರ ಖಿನ್ನತೆಯ ಭಾಗದಲ್ಲಿ 50 ದಾಟಿದ 18,353 ಜನ ಇದ್ದರು. ದಿನಕ್ಕೆ 2000 ಐಯು (ವಿಟಮಿನ್ ಅಳೆಯುವ ಮಾನ) ಡಿ, ಐದು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಕಾಲ. 2020ರಲ್ಲಿ ಫಲಿತಾಂಶ ಬಂತು. ಡಿ ತೆಗೆದುಕೊಂಡವರಿಗೂ ಖಾಲಿ ಗುಳಿಗೆ ತೆಗೆದುಕೊಂಡವರಿಗೂ ಖಿನ್ನತೆಯಲ್ಲಿ ವ್ಯತ್ಯಾಸ ಇರಲಿಲ್ಲ. ವಯಸ್ಸಾದವರ ರೆಟಿನಾ ಸವೆಯುವ ಕಾಯಿಲೆಯನ್ನೂ ಅದೇ ಪ್ರಯೋಗದಲ್ಲಿ ನೋಡಿದರು. ಅಲ್ಲೂ ಡಿ ಕೈಹಿಡಿಯಲಿಲ್ಲ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲೆ ನಿಧಾನವಾಗಿ ಇನ್ನೊಂದು ಸಲ ಓದಿದೆ. ಅದರಲ್ಲಿ ಭಾಗವಹಿಸಿದ ಹೆಚ್ಚಿನವರಿಗೆ ಮೊದಲೇ ಡಿ ಸಾಕಷ್ಟಿತ್ತು. ತುಂಬಿದ ಕೊಡಕ್ಕೆ ನೀರು ಸುರಿದ ಹಾಗೆ. 11 ಇದ್ದವರಿಗೆ ಅದು ಪೂರ್ತಿ ಉತ್ತರ ಆಗುವುದಿಲ್ಲ. ಇನ್ನೊಂದು ವಿಷಯವೂ ಅದೇ ಪ್ರಯೋಗದಿಂದ 2022ರಲ್ಲಿ ಬಂತು. ಮೈ ತನ್ನ ಮೇಲೆ ತಾನೇ ಯುದ್ಧ ಸಾರುವ ಆಟೊಇಮ್ಯೂನ್ ಕಾಯಿಲೆಗಳು ಡಿ ತೆಗೆದುಕೊಂಡವರಲ್ಲಿ ಶೇ. 22ರಷ್ಟು ಕಡಿಮೆ ಕಂಡವು. ಅಂದರೆ ರಕ್ಷಣಾ ವ್ಯವಸ್ಥೆಯ ಮೇಲೆ ಡಿ ಕೆಲಸ ಮಾಡುವುದು ಬರೀ ಊಹೆ ಅಲ್ಲ. ಅದು ಮನಸ್ಸಿನವರೆಗೆ ಬಂದು ಮುಟ್ಟುತ್ತದೆ ಅನ್ನುವುದಕ್ಕೆ ಮಾತ್ರ ಗಟ್ಟಿ ಆಧಾರ ಸಿಕ್ಕಿಲ್ಲ. ಮೂಳೆಗೆ, ಸ್ನಾಯುವಿಗೆ ಅದು ಬೇಕೇ ಬೇಕು. ಹಾಗಾಗಿ ನಾನು ಮಾತ್ರೆ ತೆಗೆದುಕೊಂಡೆ. ಡಾಕ್ಟರ್ ಹೇಳಿದಷ್ಟೇ ವಾರ, ಹೇಳಿದಷ್ಟೇ ಪ್ರಮಾಣ.

ಜಾಸ್ತಿ ತೆಗೆದುಕೊಳ್ಳುವ ಆಸೆ ಆಗಿತ್ತು, ಮುಚ್ಚಿಡುವುದಿಲ್ಲ. ಇಷ್ಟಕ್ಕೇ ಇಷ್ಟು ಏರಿದರೆ ಇನ್ನಷ್ಟಕ್ಕೆ ಇನ್ನೆಷ್ಟು ಅಂತ. ಅದು ಕೊಬ್ಬಿನಲ್ಲಿ ಕರಗಿ ಮೈಯಲ್ಲೇ ಉಳಿಯುವ ವಸ್ತು. ಮೂತ್ರದಲ್ಲಿ ಸುಲಭವಾಗಿ ಹೊರಹೋಗುವುದಿಲ್ಲ. ವೈದ್ಯರ ಉಸ್ತುವಾರಿ ಇಲ್ಲದೆ ವಯಸ್ಕರು ದಿನಕ್ಕೆ 4000 ಐಯು ದಾಟಬಾರದು ಅನ್ನುವುದು ಸಾಮಾನ್ಯ ಮಿತಿ. ತುಂಬ ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಬಾಯಾರಿಕೆ, ಮಲಬದ್ಧತೆ, ಮೂತ್ರಪಿಂಡದ ಕಲ್ಲು ಬರಬಹುದು. ಕ್ಯಾಲ್ಸಿಯಂ ಏರಿದಾಗ ಸುಸ್ತು ಮತ್ತು ಮಂಕುತನ ಬರುತ್ತದೆ, ಖಿನ್ನತೆಯೂ ಕಾಣಿಸಬಹುದು. ಬಹುದಿನ ಹಾಗೇ ಉಳಿದರೆ ಕಾರ್ನಿಯಾದ ಮೇಲೆ ಸುಣ್ಣದ ಪಟ್ಟಿಯಂತೆ ಕೂರುತ್ತದೆ, ನೋಟ ಮಸುಕಾಗುತ್ತದೆ. ಯಾವ ಕಣ್ಣು, ಯಾವ ಮನಸ್ಸು ಸರಿಯಾಗಲಿ ಅಂತ ನುಂಗುತ್ತೇವೋ ಅವೆರಡನ್ನೇ ಅದು ಕೆಡಿಸಬಹುದು. ಇದನ್ನು ತಿಳಿದ ಮೇಲೆ ನನ್ನ ಆಸೆ ಅಲ್ಲಿಗೇ ನಿಂತಿತು.

ಎರಡು ತಿಂಗಳಾದ ಮೇಲೆ ಡಿ 34ಕ್ಕೆ ಬಂತು. ಕಾಲುನೋವು ಹೋಯಿತು. ಮೆಟ್ಟಿಲು ಹತ್ತುವಾಗ ತೊಡೆಯಲ್ಲಿ ಬಲ ಬಂತು. ಮನಸ್ಸು? ಅದು ಹಾಗೇ ಇತ್ತು. ಕಣ್ಣೂ ಹಾಗೇ.

ನನಗೆ ದಾರಿ ತೋರಿಸಿದ್ದು ಆಮೇಲೆ ಓದಿದ ವಿಷಯ. ಬಿಸಿಲು ನಮ್ಮೊಳಗೆ ಬರುವುದು ಚರ್ಮದ ಬಾಗಿಲಿನಿಂದ ಮಾತ್ರ ಅಲ್ಲ. ಕಣ್ಣು ಇನ್ನೊಂದು ಬಾಗಿಲು. ನೋಡುವುದಕ್ಕೆ ಬಳಸುವ ಬೆಳಕು ಅಂತ ನಾನು ಹೇಳುತ್ತಿಲ್ಲ. ರೆಟಿನಾದಲ್ಲಿ ನೋಟಕ್ಕೆ ಹೆಚ್ಚು ಸಂಬಂಧವಿಲ್ಲದ ಕೆಲವು ಕೋಶಗಳಿವೆ. ಅವುಗಳಲ್ಲಿ ಮೆಲನಾಪ್ಸಿನ್ ಎಂಬ ವರ್ಣವಸ್ತು ಇದೆ. ಇಗ್ನೇಶಿಯೊ ಪ್ರೊವೆನ್ಸಿಯೊ ಮತ್ತು ಅವರ ಜೊತೆಯವರು 1998ರಲ್ಲಿ ಇದನ್ನು ಮೊದಲು ಕಂಡದ್ದು ಕಪ್ಪೆಯ ಚರ್ಮದ ಕೋಶಗಳಲ್ಲಿ. 2002ರಲ್ಲಿ ಡೇವಿಡ್ ಬರ್ಸನ್ ಅವರ ತಂಡ ರೆಟಿನಾದ ಈ ಕೋಶಗಳು ತಾವೇ ಬೆಳಕಿಗೆ ಸ್ಪಂದಿಸುತ್ತವೆ ಅಂತ ತೋರಿಸಿತು. ಈಗ ಹಗಲು, ಈಗ ಇರುಳು ಅಂತ ಮಿದುಳಿನ ಗಡಿಯಾರಕ್ಕೆ ಹೇಳುವುದು ಇವು. ಪೂರ್ತಿ ಕುರುಡಾದ ಕೆಲವರಲ್ಲೂ ಬೆಳಕು ಬಿದ್ದಾಗ ಇರುಳಿನಲ್ಲಿ ಏರುವ ಮೆಲಟೊನಿನ್ ಎಂಬ ಹಾರ್ಮೋನ್ ಇಳಿಯುವುದನ್ನು 1995ರಷ್ಟು ಹಿಂದೆಯೇ ಗಮನಿಸಿದ್ದರು. ಅವರಿಗೆ ಏನೂ ಕಾಣುತ್ತಿರಲಿಲ್ಲ, ಆದರೆ ಕಣ್ಣಿಗೆ ಹಗಲು ಗೊತ್ತಾಗುತ್ತಿತ್ತು.

2012ರಲ್ಲಿ ಇಲಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಮೂರೂವರೆ ಗಂಟೆ ಬೆಳಕು, ಮೂರೂವರೆ ಗಂಟೆ ಕತ್ತಲೆ, ಹೀಗೆ ಕುಲಗೆಟ್ಟ ಹಗಲಿರುಳಿನಲ್ಲಿ ಇಲಿಗಳನ್ನು ಇಟ್ಟರು. ಅವು ಖಿನ್ನತೆಯಂಥ ಲಕ್ಷಣ ತೋರಿದವು. ಈ ಮೆಲನಾಪ್ಸಿನ್ ಕೋಶಗಳಿಲ್ಲದ ಇಲಿಗಳಿಗೆ ಏನೂ ಆಗಲಿಲ್ಲ. ಕಣ್ಣಿನಿಂದ ಮನಸ್ಸಿಗೆ ನೇರ ದಾರಿಯೊಂದಿದೆ ಅಂತ ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ?

ಚಳಿಗಾಲದಲ್ಲಿ ಮಾತ್ರ ಬರುವ ಖಿನ್ನತೆಯನ್ನು ನಾರ್ಮನ್ ರೊಸೆಂಥಾಲ್ 1984ರಲ್ಲಿ ವಿವರಿಸಿದರು. ಅದಕ್ಕೆ ಬೆಳಕಿನ ಚಿಕಿತ್ಸೆ ಕೊಡುತ್ತಾರೆ. ಬೆಳಿಗ್ಗೆ ಅರ್ಧ ಗಂಟೆ 10,000 ಲಕ್ಸ್ (ಬೆಳಕು ಅಳೆಯುವ ಮಾನ) ದೀಪದ ಮುಂದೆ ಕೂರುವುದು. ಎಲ್ಲ ಕಾಲದ ಖಿನ್ನತೆಗೂ ಅದು ನೆರವಾಗಬಹುದು ಅಂತ 122 ಜನರ ಮೇಲೆ ಎಂಟು ವಾರ ನಡೆದ ಒಂದು ಪ್ರಯೋಗ ತೋರಿಸಿದೆ. ಆ ದೀಪಗಳಲ್ಲಿ ಯುವಿ ಕಿರಣವನ್ನು ಬೇಕೆಂದೇ ತಡೆದಿರುತ್ತಾರೆ. ಅಂದರೆ ಅದರ ಮುಂದೆ ಎಷ್ಟು ಹೊತ್ತು ಕೂತರೂ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವುದಿಲ್ಲ. ಅದು ಬರೀ ಕಣ್ಣಿನ ಬಾಗಿಲಿನ ಕೆಲಸ. ಡಿ ಮಾತ್ರೆ ಚರ್ಮದ ಬಾಗಿಲಿನ ಕೆಲಸ ಮಾತ್ರ ಮಾಡುತ್ತದೆ. ನಾನು ಮಾತ್ರೆ ನುಂಗಿ ಪರದೆ ಎಳೆದು ಮಲಗುತ್ತಿದ್ದೆ.

ಮನೆಯೊಳಗೆ ದೀಪ ಹಾಕಿದರೆ ಸಾಮಾನ್ಯವಾಗಿ ಕೆಲವು ನೂರು ಲಕ್ಸ್. ಹೊರಗೆ ನೆರಳಿನಲ್ಲಿ ನಿಂತರೂ ಸಾವಿರಗಟ್ಟಲೆ. ಪೂರ್ತಿ ಬಿಸಿಲಿನಲ್ಲಿ ಒಂದು ಲಕ್ಷದವರೆಗೆ. ನಮ್ಮ ಕಣ್ಣು ಹೊಂದಿಕೊಂಡುಬಿಡುವುದರಿಂದ ಈ ವ್ಯತ್ಯಾಸ ನಮಗೆ ತಿಳಿಯುವುದೇ ಇಲ್ಲ. ಗಾಜಿನ ಕಿಟಕಿಯ ಹಿಂದೆ ಕೂತವರಿಗೆ ಡಿ ಸಿಗುವುದಿಲ್ಲ, ಏಕೆಂದರೆ ಗಾಜು ಯುವಿಬಿಯನ್ನು ತಡೆಯುತ್ತದೆ. ಆದರೆ ಬೆಳಕು ಸಿಗುತ್ತದೆ. ಆಗ ಸೂರ್ಯನನ್ನು ದಿಟ್ಟಿಸಿ ನೋಡಬೇಕಾಗಿಲ್ಲ, ನೋಡಲೂಬಾರದು. ರೆಟಿನಾ ಸುಟ್ಟುಹೋಗುತ್ತದೆ. ಹೆಚ್ಚು ಯುವಿ ಬಿದ್ದರೆ ಕಣ್ಣಿನ ಪೊರೆಯೂ ಬೇಗ ಬರಬಹುದು. ರೆಟಿನಾದ ಕಾಯಿಲೆ ಇರುವವರು, ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಇಳಿಯುವ ಬೈಪೋಲಾರ್ ತೊಂದರೆ ಇರುವವರು ಬೆಳಕಿನ ದೀಪವನ್ನು ಕೇಳದೆ ಬಳಸಬಾರದು.

ಖಿನ್ನತೆಯಲ್ಲಿ ಬಣ್ಣಗಳೆಲ್ಲ ಬೂದಿ ಹತ್ತಿದ ಹಾಗೆ ಕಾಣುತ್ತವೆ ಅಂತ ಹೇಳಿದಾಗ ಕೇಳಿದವರು ಅದನ್ನು ಹೋಲಿಕೆ ಅಂದುಕೊಳ್ಳುತ್ತಾರೆ. 2010ರಲ್ಲಿ ಜರ್ಮನಿಯ ಫ್ರೈಬುರ್ಗ್‌ನ ಸಂಶೋಧಕರು 40 ಖಿನ್ನತೆಯ ರೋಗಿಗಳ ರೆಟಿನಾದ ವಿದ್ಯುತ್ ಸ್ಪಂದನೆ ಅಳೆದರು. ಕಪ್ಪು ಬಿಳುಪಿನ ವ್ಯತ್ಯಾಸಕ್ಕೆ ಅವರ ರೆಟಿನಾ ಆರೋಗ್ಯವಂತರ ರೆಟಿನಾಕ್ಕಿಂತ ಮಂದವಾಗಿ ಸ್ಪಂದಿಸುತ್ತಿತ್ತು. ಖಿನ್ನತೆ ಹೆಚ್ಚಿದ್ದಷ್ಟೂ ಸ್ಪಂದನೆ ಕಡಿಮೆ. ನಾನು ಕಂಡ ಬೂದುಬಣ್ಣ ನನ್ನ ಮಾತಿನ ಅಲಂಕಾರ ಆಗಿರಲಿಲ್ಲ.

ಉಲ್ಟಾ ದಿಕ್ಕಿನ ಬಾಣವನ್ನೂ ಮರೆಯಬಾರದು. ನೋಟ ಕಳೆದುಕೊಳ್ಳುತ್ತಿರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆ ಇರುತ್ತದೆ. ಓದು ಹೋಗುತ್ತದೆ, ಒಬ್ಬರೇ ಓಡಾಡುವ ಧೈರ್ಯ ಹೋಗುತ್ತದೆ, ಎದುರಿಗಿದ್ದವರ ಮುಖದ ಭಾವ ಹೋಗುತ್ತದೆ. ಕಣ್ಣಿನೊಳಗೇ ಉರಿಯೂತವಾಗುವ ಯುವಿಯೈಟಿಸ್ ಬಂದವರ ಪಾಡು ಇನ್ನೂ ಕಷ್ಟ. ಅದಕ್ಕೆ ಕೊಡುವ ಸ್ಟೀರಾಯ್ಡ್ ಮಾತ್ರೆ ಕಣ್ಣು ಉಳಿಸುತ್ತದೆ, ಆದರೆ ನಿದ್ದೆ ಕೆಡಿಸಬಹುದು, ಮನಸ್ಸನ್ನು ಏರಿಳಿಸಬಹುದು. ಇದನ್ನು ಮೊದಲೇ ಹೇಳಿದರೆ ರೋಗಿ ತನಗೆ ಹುಚ್ಚು ಹಿಡಿಯುತ್ತಿದೆ ಅಂತ ಹೆದರುವುದಿಲ್ಲ. ಕಣ್ಣಿನ ಚಿಕಿತ್ಸಾಲಯದಲ್ಲಿ ಮನಸ್ಸು ಹೇಗಿದೆ ಅಂತ ಒಂದು ಪ್ರಶ್ನೆ ಕೇಳುವುದು ಅಷ್ಟು ಕಷ್ಟವಾ?

ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ಬೆಳಕು ಸಹಿಸಲಾಗದಿದ್ದರೆ, ನೋಟ ತಟ್ಟನೆ ಮಬ್ಬಾದರೆ ವಿಟಮಿನ್ ಬಗ್ಗೆ ಓದುತ್ತಾ ಕೂರಬಾರದು, ಅದೇ ದಿನ ತೋರಿಸಬೇಕು. ಬದುಕೇ ಬೇಡ ಅನ್ನಿಸತೊಡಗಿದರೂ ಅಷ್ಟೇ. ಅದೇ ದಿನ, ಅದೇ ಗಂಟೆ, ಹತ್ತಿರದವರಿಗೆ ಹೇಳಿ ವೈದ್ಯರ ಬಳಿ ಹೋಗಬೇಕು. ನಾನು ಅಕ್ಕನಿಗೆ ಹೇಳಿದ್ದೆ. “ಅಲ್ಲೇ ಇರು, ಬರ್ತಿದೀನಿ” ಅಂದಳು. ಬಂದಳು.

ನಾನು ಮಾಡಿದ ಕೆಲಸ ಇಷ್ಟು. ಬಾಣಗಳಿದ್ದ ಹಾಳೆ ಹರಿದು ಹಾಕಿ ಇನ್ನೊಂದು ಹಾಳೆ ತೆಗೆದುಕೊಂಡೆ. ಕಣ್ಣಿಗೆ ಏನಾಗುತ್ತದೆ, ಯಾವಾಗಿನಿಂದ. ಮನಸ್ಸಿಗೆ ಏನು, ನಿದ್ದೆ ಎಷ್ಟು. ಯಾವ ಯಾವ ಮಾತ್ರೆ, ಯಾವ ಹನಿ. ರಕ್ತದ ಅಂಕಿಗಳು. ಅತ್ತಾಗ ಕಣ್ಣು ಉರಿಯುತ್ತದೆ ಅನ್ನುವುದನ್ನೂ ಬರೆದೆ. ಒಂದೇ ಹಾಳೆಯನ್ನು ಮೂವರಿಗೂ ತೋರಿಸಿದೆ. ಕಣ್ಣಿನ ಡಾಕ್ಟರ್ ಎರಡು ಸಲ ಓದಿದರು. ಹಳದಿ ಬಣ್ಣದ ಹನಿ ಹಾಕಿ ಕಣ್ಣೀರಿನ ಪದರ ಎಷ್ಟು ಹೊತ್ತಿನಲ್ಲಿ ಒಡೆಯುತ್ತದೆ ಅಂತ ನೋಡಿದರು. 10 ಸೆಕೆಂಡಿಗಿಂತ ಜಾಸ್ತಿ ನಿಲ್ಲಬೇಕು. ನನ್ನದು ನಾಲ್ಕಕ್ಕೇ ಒಡೆಯಿತು. ನೀರು ಇತ್ತು, ಎಣ್ಣೆ ಇರಲಿಲ್ಲ. “ಹೋದ ಸಲ ಇದನ್ನು ನೋಡಬೇಕಿತ್ತು, ಕ್ಷಮಿಸಿ” ಅಂದರು. ಆ ಮಾತಿಗೆ ನಾನು ಅವರಿಗೆ ಋಣಿ.

ಈಗ ದಿನಾ ಬೆಳಿಗ್ಗೆ ಬೆಚ್ಚಗಿನ ಒದ್ದೆ ಬಟ್ಟೆಯನ್ನು ರೆಪ್ಪೆಯ ಮೇಲೆ ಹತ್ತು ನಿಮಿಷ ಇಟ್ಟುಕೊಳ್ಳುತ್ತೇನೆ, ಅಂಚನ್ನು ಮೆಲ್ಲಗೆ ತಿಕ್ಕುತ್ತೇನೆ. ಉರಿಯೂತ ತಗ್ಗಿಸುವ ಸೈಕ್ಲೊಸ್ಪೊರಿನ್ ಹನಿ ಇದೆ. ಅದು ಕೆಲಸ ಮಾಡಲು ತಿಂಗಳುಗಳೇ ಬೇಕು, ಮೊದಲ ವಾರದಲ್ಲಿ ಬಿಟ್ಟುಬಿಡಬಾರದು. ಮನಸ್ಸಿನ ಮಾತ್ರೆ ಇದೆ. ಡಿ ಈಗ ದಿನಕ್ಕೆ ಸ್ವಲ್ಪ. ಎಲ್ಲಕ್ಕಿಂತ ಮೊದಲು ಅರ್ಧ ಗಂಟೆ ಹೊರಗೆ ನಡೆಯುತ್ತೇನೆ. ಶುರುವಿನಲ್ಲಿ ಅಕ್ಕ ಫೋನಿನ ಆ ಕಡೆಯಿಂದ ಜೊತೆಗಿರುತ್ತಿದ್ದಳು. ಬೆಳಕು ಚುಚ್ಚಿದಾಗ ನೆರಳಿಗೆ ಸರಿಯುತ್ತಿದ್ದೆ, ಮನೆಗೆ ಮಾತ್ರ ಹಿಂದಿರುಗುತ್ತಿರಲಿಲ್ಲ. ಇವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಅಂತ ಬಿಡಿಸಿ ಹೇಳಲು ನನ್ನಿಂದ ಆಗದು.

ಮುಂದಿನ ತಪಾಸಣೆ ಮೂರು ವಾರಕ್ಕಿದೆ. ಹಾಳೆಯ ಕೊನೆಗೆ ನಿನ್ನೆ ಒಂದು ಸಾಲು ಸೇರಿಸಿದೆ. ಕಳೆದ ಭಾನುವಾರ ಅಕ್ಕನ ಜೊತೆ ಮಾತಾಡುತ್ತಾ ಅಳು ಬಂತು, ತುಂಬ ಹೊತ್ತು ಅತ್ತೆ, ಕಣ್ಣು ಉರಿಯಲಿಲ್ಲ.